‘ಬೆನ್ನು’ ಮತ್ತು ‘ಬೆನ್ನೆಲುಬು’: ವಾಚ್ಯಾರ್ಥ–ಲಕ್ಷ್ಯಾರ್ಥಗಳ ವಿಚಾರ

‘ರೈತನು ದೇಶದ ಬೆನ್ನೆಲುಬು’ ಎಂಬ ಮಾತು, ಪ್ರಬಂಧ ಬರೆಯಲು ಕಲಿಯುತ್ತಿರುವ ಬಾಲಕರಿಂದ ಮೊದಲುಗೊಂಡು ಸಭೆಗಳಲ್ಲಿ ಭಾಷಣ ಮಾಡುವ ಹಿರಿಯರ ವರೆಗೆ, ಕನ್ನಡಿಗರೆಲ್ಲರ ಬಾಯಲ್ಲಿಯೂ ಬಳಕೆಯಾಗುತ್ತಿರುವುದಷ್ಟೆ. ಅದನ್ನು ಕೇಳಿದವರಿಗೆ ಅದು ಗಾದೆಯಷ್ಟೇ ಹಳೆಯದೆಂದೂ, ಕನ್ನಡದ ಮಣ್ಣಿನಲ್ಲಿಯೇ ಹುಟ್ಟಿದುದೆಂದೂ ತೋರುವುದು ಸಹಜವೇ. ಇದರ ಜೊತೆಗೆ ಈಚೆಗೆ ‘ಬೆನ್ನೆಲುಬಿಲ್ಲದ ಮನುಷ್ಯ’ ಎಂಬ ಇನ್ನೊಂದು ಮಾತೂ ಬರಹದಲ್ಲಿ ಕಾಣಿಸಿಕೊಂಡಿದೆ. ತನ್ನ ಅಭಿಪ್ರಾಯದಲ್ಲಿ ನಿಲ್ಲಲಾರದವನು, ಬಲವಂತರ ಮುಂದೆ ಬಾಗುವವನು ಎಂಬುದು ಅದರ ತಾತ್ಪರ್ಯ. ಈ ಎರಡು ಪ್ರಯೋಗಗಳಲ್ಲಿ ಕನ್ನಡಕ್ಕೆ ಸ್ವಂತವಾದುದೆಷ್ಟು, ಹೊರಗಿನಿಂದ ಬಂದುದೆಷ್ಟು ಎಂಬುದನ್ನು ವಿಚಾರಿಸಿದರೆ, ಒಂದು ಅಂಗವಾಚಕವು ಒಂದೊಂದು ಭಾಷೆಯಲ್ಲಿ ಒಂದೊಂದು ದಾರಿ ಹಿಡಿದು ಬೆಳೆಯುವ ಬಗೆ ವ್ಯಕ್ತವಾಗುತ್ತದೆ. ವಿಚಾರವು ಕೇವಲ ಕುತೂಹಲದ್ದಲ್ಲ. ಹಳಗನ್ನಡ ನಡುಗನ್ನಡ ಕಾವ್ಯಗಳಲ್ಲಿ ‘ಬೆನ್’ ಶಬ್ದವು ಬಂದೆಡೆಯಲ್ಲಿ ಇಂದಿನ ಓದುಗನು ಹೊಸ ಅರ್ಥವನ್ನು ಹಿಂದಕ್ಕೆ ಒಯ್ದು ಹಚ್ಚಿದರೆ, ಕವಿಯ ಅಭಿಪ್ರಾಯವು ತಲೆಕೆಳಗಾಗುವ ಪ್ರಸಂಗಗಳೂ ಉಂಟು.

ಮೊದಲು ಶಬ್ದದ ಕುಲವನ್ನು ನೋಡತಕ್ಕದ್ದು. ‘ಬೆನ್’ ಎಂಬುದು ಅಚ್ಚಗನ್ನಡ, ಸ್ವರಾಂತವಾಗಿ ‘ಬೆನ್ನು’. ತೆಲುಗಿನಲ್ಲಿ ‘ವೆನ್ನು’, ತಮಿಳಿನಲ್ಲಿ ‘ವೆನ್’ ಮತ್ತು ‘ವೆರಿನ್’, ತುಳುವಿನಲ್ಲಿ ‘ಬೆರಿ’ ಎಂಬ ರೂಪಗಳಿವೆ. ತಮಿಳಿನ ಪದಾದಿ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ‘ವಿಲ್–ಬಿಲ್’, ‘ವೇರ್–ಬೇರ್’, ‘ವಾಯ್–ಬಾಯ್’ ಮೊದಲಾದುವುಗಳಿಂದ ಸುವಿದಿತ. ತಮಿಳಿನ ‘ವೆರಿನ್’ ರೂಪವು ಬಹು ಪ್ರಾಚೀನವಾದುದು: ದಂತ್ಯನಕಾರವು ಪದಾಂತದಲ್ಲಿ ಬರುವ ಶಬ್ದಗಳು ಎರಡೇ ಎಂದು ತೊಲ್ಕಾಪ್ಪಿಯಂ ಹೇಳುವಲ್ಲಿ, ವ್ಯಾಖ್ಯಾನಕಾರರು ಕೊಡುವ ಎರಡು ಉದಾಹರಣೆಗಳಲ್ಲಿ ಇದೊಂದು. ತಮಿಳು ತುಳುಗಳಲ್ಲಿ ರೇಫವು ಉಳಿದಿದೆ. ಕನ್ನಡ ತೆಲುಗುಗಳಲ್ಲಿ ಅದು ಕಾಣುವುದಿಲ್ಲ. ಇಂದಿನ ತಮಿಳಿನಲ್ಲಿ ‘ಮುದುಗು’ ಎಂಬ ಬೇರೆ ಶಬ್ದವೇ ಬಳಕೆಯಲ್ಲಿ ನಿಂತು ಹಳೆಯ ಶಬ್ದವು ಗ್ರಂಥಸ್ಥವಾಗಿದೆ. ತೆಲುಗಿನಲ್ಲಿಯಾದರೋ ಇದೇ ಧಾತುವಿನಿಂದ ‘ವೆನುಕ’ ಎಂದರೆ ಹಿಂದೆ, ‘ವೆಂಟ’ ಎಂದರೆ ಬೆಂಬಳಿಯಲ್ಲಿ, ಜೊತೆಯಲ್ಲಿ ಎಂಬ ದಿನಬಳಕೆಯ ಅವ್ಯಯಗಳು ಹುಟ್ಟಿವೆ. ಅಂಗದ ಹೆಸರು ದಿಕ್ಕಿನ ಹೆಸರಾಗಿ, ದಿಕ್ಕಿನ ಹೆಸರು ಕಾಲದ ಹೆಸರಾಗಿ ಪರಿಣಮಿಸಿದುದಕ್ಕೆ ಇದು ನಿದರ್ಶನ. ಕನ್ನಡದ ‘ಬೆನ್ನಲ್ಲೇ’ ಎಂಬುದೂ ಇಂತಹುದೇ. ‘ಮಾತಿನ ಬೆನ್ನಲ್ಲೇ ಮಳೆ ಬಂದಿತು’ ಎನ್ನುವಾಗ ಮಾತಿಗೆ ಬೆನ್ನೆಲ್ಲಿಯದು ಎಂದು ಯಾರೂ ಕೇಳುವುದಿಲ್ಲ. ತನ್ನ ತರುವಾಯ ಹುಟ್ಟಿದವಳನ್ನು ‘ಬೆನ್ನಿಗೆ ಬಿದ್ದ ತಂಗಿ’ ಎಂದು ಹಳ್ಳಿಯವರು ಕರೆಯುವಲ್ಲಿ ಈ ಕಾಲಾರ್ಥವು ವಾತ್ಸಲ್ಯದೊಡನೆ ಸೇರಿದೆ. ಸಂಸ್ಕೃತದ ‘ಅನುಜೆ’ಯಲ್ಲಿ ಆ ಸೇರುವೆಯಿಲ್ಲ.

‘ಎಲುಬು’ ಶಬ್ದವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅದು ತಮಿಳಿನ ‘ಎಲುಂಬು’, ತೆಲುಗಿನ ‘ಎಮುಕ’ಗಳ ಬಂಧು. ಅದಕ್ಕೆ ಪರ್ಯಾಯವಾದ ‘ಮೂಳೆ’ಯ ಕಥೆ ಮಾತ್ರ ವಿಚಿತ್ರವಾದುದು. ತಮಿಳಿನಲ್ಲಿ ‘ಮೂಳೈ’ ಎಂದರೆ ಮಿದುಳು, ಮಜ್ಜೆ. ತೆಲುಗಿನ ‘ಮೂಲುಗ’ವೂ ಮಜ್ಜೆಯೇ. ಎಲುಬಿನ ಒಳಗಣ ವಸ್ತುವಿನ ಹೆಸರು ಕನ್ನಡದಲ್ಲಿ ಅದನ್ನು ಒಳಗೊಂಡ ಎಲುಬಿಗೇ ಸಂದಿದೆ. ಹೀಗೆ ‘ಬೆನ್ನೆಲುಬು’, ‘ಬೆನ್ನುಮೂಳೆ’ ಎಂಬ ಎರಡೂ ಸಮಸ್ತಪದಗಳು ಏಕಾರ್ಥವಾಗಿ ನಡೆಯುತ್ತಿವೆ. ಇವುಗಳಲ್ಲಿ ಮೊದಲನೆಯದಕ್ಕೇ ಲಕ್ಷ್ಯಾರ್ಥದ ಭಾಗ್ಯವು ಒದಗಿದೆ. ‘ರೈತನು ದೇಶದ ಬೆನ್ನುಮೂಳೆ’ ಎಂದರೆ ಕೇಳಿದವನಿಗೆ ವೈದ್ಯನ ನೆನಪಾದೀತು.

ವಾಚ್ಯಾರ್ಥವನ್ನು ಸರಿಯಾಗಿ ತಿಳಿಯದೆ ಲಕ್ಷ್ಯಾರ್ಥವನ್ನು ತೂಗುವುದು ಆಗದ ಮಾತು. ಬೆನ್ನೆಲುಬು ಒಂದು ಎಲುಬಲ್ಲ, ಎಲುಬುಗಳ ಸಾಲು. ಹುಟ್ಟಿದ ಕೂಸಿನಲ್ಲಿ ಮಣಿಗಳು ೩೩: ಕತ್ತಿನಲ್ಲಿ ೭, ಎದೆಯ ಹಿಂಭಾಗದಲ್ಲಿ ೧೨, ಸೊಂಟದಲ್ಲಿ ೫, ಅದರ ಕೆಳಗೆ ಮುಂದೆ ಒಂದಾಗಿ ಬೆಸೆದುಕೊಳ್ಳುವ ೫, ತುದಿಯಲ್ಲಿ ಸಾಮಾನ್ಯವಾಗಿ ೪. ಬೆಳೆದವರಲ್ಲಿ ಕೆಳಗಿನವು ಕೂಡಿಕೊಂಡು ಒಟ್ಟು ೨೬ ಆಗುತ್ತವೆ. ಮಣಿಮಣಿಯ ನಡುವೆ ಮೆತ್ತೆಯಂತಹ ಬಿಲ್ಲೆಗಳು ೨೩. ಈ ಸಾಲಿನ ಒಳಗಣ ಕೊಳವೆಯಲ್ಲಿ ಇಳಿದುಬರುವುದೇ ಬೆನ್ನುಹುರಿ. ‘ಹುರಿ’ ಎಂದರೆ ಹೊಸೆದ ಹಗ್ಗವಾದುದರಿಂದ ಈ ಹೆಸರು ಬಹಳ ಒಪ್ಪುವಂತಹುದು. ಗಮನಿಸತಕ್ಕ ವಿಷಯವೆಂದರೆ, ಪಕ್ಕದಿಂದ ನೋಡಿದರೆ ಬೆನ್ನೆಲುಬು ನೆಟ್ಟಗೆ ನಿಂತ ಕಂಬವೇ ಅಲ್ಲ. ಅದರಲ್ಲಿ ನಾಲ್ಕು ಬಾಗುಗಳಿವೆ. ಭಾರವನ್ನು ತಾಳುವ ಶಕ್ತಿ ಅದಕ್ಕೆ ಬಂದಿರುವುದು ಈ ಬಾಗುಗಳಿಂದಲೂ ನಡುವಣ ಮೆತ್ತೆಗಳಿಂದಲೂ. ಬಾಗದವನೇ ಬೆನ್ನೆಲುಬುಳ್ಳವನು ಎಂಬ ರೂಪಕವನ್ನು ಮೊದಲು ಕಟ್ಟಿದವರು ಶರೀರಶಾಸ್ತ್ರವನ್ನು ಕೇಳಿಕೊಂಡು ಕಟ್ಟಿದವರಲ್ಲವೆಂಬುದು ಸ್ಪಷ್ಟ.

ಪ್ರಾಚೀನ ಭಾರತೀಯ ವೈದ್ಯರೂ ಈ ಮಣಿಗಳನ್ನು ಎಣಿಸಿದ್ದಾರೆ. ಶರೀರದ ಎಲುಬುಗಳು ಒಟ್ಟು ೩೬೦ ಎಂದು ಚರಕಸಂಹಿತೆಯೂ, ಶಲ್ಯತಂತ್ರದ ಪ್ರಕಾರ ೩೦೦ ಎಂದು ಸುಶ್ರುತಸಂಹಿತೆಯೂ ಹೇಳುತ್ತವೆ. ಇವುಗಳಲ್ಲಿ ಬೆನ್ನಿನವು ಚರಕನಲ್ಲಿ ೪೫, ಸುಶ್ರುತನಲ್ಲಿ ೩೦. ಸಂಖ್ಯೆಗಳು ಇಂದಿನ ಎಣಿಕೆಗೆ ಹೊಂದದಿರುವುದಕ್ಕೆ ಎಣಿಕೆಯ ಕ್ರಮವು ಬೇರೆಯಾದುದೂ ಒಂದು ಕಾರಣ; ಚರಕನು ಹಲ್ಲು ಉಗುರುಗಳನ್ನೂ ಎಲುಬುಗಳಲ್ಲಿಯೇ ಸೇರಿಸುತ್ತಾನೆ. ಈ ಲೆಕ್ಕಗಳನ್ನು ಹ್ಯೋರ್ನ್‌ಲೆ ಎಂಬ ವಿದ್ವಾಂಸನು ೧೯೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ಪರಿಶೀಲಿಸಿದನು.

ಇನ್ನು ಹೆಸರಿಡುವಿಕೆಯಲ್ಲಿ ಭಾಷೆಭಾಷೆಗಳಿಗಿರುವ ಭೇದವನ್ನು ನೋಡಬೇಕು. ಲ್ಯಾಟಿನಿನಲ್ಲಿ ‘ಸ್ಪೈನಾ’ ಎಂದರೆ ಮೊದಲು ಮುಳ್ಳು, ಬಳಿಕ ಬೆನ್ನೆಲುಬು; ಮಣಿಗಳಿಂದ ಹಿಂದಕ್ಕೆ ಚಾಚಿಕೊಂಡಿರುವ ಮೊನೆಗಳು ಈ ಹೆಸರಿಗೆ ಒಪ್ಪುವಂತೆಯೇ ಇವೆ. ಇಂಗ್ಲಿಷಿನ ‘ಸ್ಪೈನ್’ ಅದರಿಂದಲೇ ಬಂದುದು. ಆದುದರಿಂದಲೇ ಆ ಭಾಷೆಯಲ್ಲಿ ಪಾಪಸುಕಳ್ಳಿಯ ಮುಳ್ಳಿಗೂ ಮನುಷ್ಯನ ಬೆನ್ನೆಲುಬಿಗೂ ಒಂದೇ ಹೆಸರು. ಮುಳ್ಳುಹಂದಿಯ ಇಂಗ್ಲಿಷ್ ಹೆಸರಾದ ‘ಪಾರ್ಕ್ಯುಪೈನ್’ ಎಂಬುದರ ಉತ್ತರಾರ್ಧದಲ್ಲಿರುವುದೂ ಇದೇ ಶಬ್ದ. ಹಂದಿ ಎಂಬ ಅರ್ಥದ ಪದವು ಅದರ ಪೂರ್ವಾರ್ಧ. ಕನ್ನಡದ ಹೆಸರಿಗೂ ಅದಕ್ಕೂ ಹುರುಳಿನಲ್ಲಿ ಎಳ್ಳಷ್ಟೂ ಭೇದವಿಲ್ಲ, ಒಂದು ಇನ್ನೊಂದನ್ನು ನೋಡಿ ಇಟ್ಟುದೂ ಅಲ್ಲ. ಮುಳ್ಳನ್ನೂ ಎಲುಬನ್ನೂ ಒಂದಾಗಿ ಕಾಣುವುದು ಕನ್ನಡಕ್ಕೂ ಹೊಸದಲ್ಲ; ಮೀನಿನ ಎಲುಬನ್ನು ಕನ್ನಡಿಗರು ‘ಮುಳ್ಳು’ ಎಂದೇ ಕರೆಯುತ್ತಾರೆ.

ಸಂಸ್ಕೃತದ ದೃಷ್ಟಿ ಬೇರೆ. ಅಲ್ಲಿ ‘ಪೃಷ್ಠವಂಶ’ ಎಂಬ ಹೆಸರಿದೆ. ‘ವಂಶ’ ಎಂದರೆ ಬಿದಿರು. ಗಿಣ್ಣುಗಿಣ್ಣಾಗಿ ಏರುವ ಬಿದಿರಿಗೂ ಮಣಿಮಣಿಯಾಗಿ ಏರುವ ಬೆನ್ನೆಲುಬಿಗೂ ಇರುವ ಸಾಮ್ಯವು ಹೆಸರಿನಲ್ಲಿಯೇ ಇದೆ. ಅದೇ ‘ವಂಶ’ವು ಸಂತತಿಯ ಹೆಸರೂ ಆಗಿರುವುದು ಯಾರಿಗೆ ತಿಳಿಯದು? ಒಂದು ಗಿಣ್ಣಿನಿಂದ ಮುಂದಿನ ಗಿಣ್ಣು ಮೂಡುವಂತೆ ಒಂದು ತಲೆಮಾರಿನಿಂದ ಮುಂದಿನ ತಲೆಮಾರು. ಅಮರಸಿಂಹನು ಬಿದಿರಿನ ಅರ್ಥದಲ್ಲಿಯೂ ಕುಲದ ಅರ್ಥದಲ್ಲಿಯೂ ಈ ಶಬ್ದವನ್ನು ಬೇರೆಬೇರೆ ವರ್ಗಗಳಲ್ಲಿ ಹೇಳಿ, ಬೆನ್ನೆಲುಬಿಗೆ ‘ಕಶೇರುಕಾ’ ಎಂಬ ಹೆಸರನ್ನು ಕೊಟ್ಟಿದ್ದಾನೆ. ಇಂದಿನ ಕನ್ನಡ ಪಾಠಪುಸ್ತಕಗಳ ‘ಕಶೇರುಕ’, ‘ಅಕಶೇರುಕ’ ಪ್ರಾಣಿಗಳು ಅಲ್ಲಿಂದ ಬಂದುವು. ಯೋಗಶಾಸ್ತ್ರದ ‘ಮೇರುದಂಡ’ವು ಇನ್ನೂ ಮುಂದಕ್ಕೆ ಹೋಗಿ ಲೋಕದ ನಡುಗಿರಿಯನ್ನೇ ಶರೀರದೊಳಗೆ ತಂದಿರಿಸಿದೆ, ಶಿವಸಂಹಿತೆಯ ಎರಡನೆಯ ಪಟಲವು ದೇಹವನ್ನು ಏಳು ದ್ವೀಪಗಳ ಸಮೇತವಾದ ಮೇರುವುಳ್ಳದ್ದೆಂದು ವರ್ಣಿಸಿಯೇ ತೊಡಗುತ್ತದೆ.

ಮುಳ್ಳು, ಬಿದಿರು, ಮೇರುಗಿರಿ. ಒಂದೊಂದು ಹೆಸರಿನೊಳಗೂ ಒಂದೊಂದು ಉಪಮೆ ಅಡಗಿದೆ. ಕನ್ನಡದ ‘ಬೆನ್ನೆಲುಬು’, ತೆಲುಗಿನ ‘ವೆನ್ನೆಮುಕ’, ತಮಿಳಿನ ‘ಮುದುಗೆಲುಂಬು’ ಇವುಗಳಲ್ಲಿ ಉಪಮೆಯೇ ಇಲ್ಲ; ಬೆನ್ನಿನಲ್ಲಿರುವ ಎಲುಬು ಎಂದಷ್ಟೇ. ಕನ್ನಡದ ಕಲ್ಪನೆಯು ಈ ಅಂಗದ ವಿಷಯದಲ್ಲಿ ದುಡಿಯದೆ ಇರಲಿಲ್ಲ. ಅದು ದುಡಿದುದು ಎಲುಬಿನ ಮೇಲಲ್ಲ, ಬೆನ್ನಿನ ಮೇಲೆ.

‘ಬೆನ್’ ಮೊದಲಾದ ಸಮಾಸಗಳ ಬಳಗ ದೊಡ್ಡದು. ಪರದ ಕತಪಗಳಿಗೆ ಗದಬಗಳು ಬಂದು ಬೆಂಗಾವಲು, ಬೆಂಗೊಡು, ಬೆಂಬತ್ತು ಎಂದೂ, ಸ್ವರ ಪರವಾದಾಗ ನಕಾರವು ಇಮ್ಮಡಿಸಿ ಬೆನ್ನಟ್ಟು ಎಂದೂ, ಹಾಗೆಯೇ ಬೆಂಬಿಡು, ಬೆಂಬಳಿ, ಬೆಂಬಲ ಎಂದೂ ರೂಪಗಳು ಸಿದ್ಧಿಸಿವೆ. ಈಗಿನ ಮಾತಿನಲ್ಲಿ ಬೆನ್ನು ತಟ್ಟು, ಬೆನ್ನು ತೋರಿಸು, ಬೆನ್ನು ಹತ್ತು, ಬೆನ್ನಿಗೆ ನಿಲ್ಲು, ಬೆನ್ನುಬಿದ್ದು ಕಾಡು ಇತ್ಯಾದಿಗಳಿಗೆ ಲೆಕ್ಕವಿಲ್ಲ. ಕಿಟ್ಟೆಲರ ೧೮೯೪ರ ನಿಘಂಟುವಿನಲ್ಲಾಗಲಿ, ೧೯೭೦ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟುವಿನಲ್ಲಾಗಲಿ ಈ ಬಳಗವನ್ನು ಓದುತ್ತ ಹೋದವನಿಗೆ ಒಂದು ಪ್ರಶ್ನೆ ಏಳದೆ ಇರದು: ಇವುಗಳಲ್ಲಿ ಬೆನ್ನು ಯಾರದು, ಕೆಲಸ ಯಾರದು?

ಬೆನ್ನಟ್ಟುವವನು ಓಡುವವನ ಬೆನ್ನನ್ನು ಕುರಿತು ನುಗ್ಗುತ್ತಾನೆ. ಬೆಂಬಿಡದವನು ಇನ್ನೊಬ್ಬನ ಬೆನ್ನನ್ನು ಬಿಡುವುದಿಲ್ಲ. ಬೆಂಗಾವಲಿನವರು ಅರಸನ ಬೆನ್ನನ್ನು ಕಾಯುತ್ತಾರೆ. ಬೆಂಬಲವೆಂದರೆ ಒಬ್ಬನ ಬೆನ್ನಿಗೆ ನಿಂತ ಬಲ. ‘ಬಲ’ಕ್ಕೆ ಶಕ್ತಿಯೆಂಬಂತೆ ಸೇನೆಯೆಂಬ ಅರ್ಥವೂ ಇರುವುದರಿಂದ ಹಿಂದೆ ನಿಂತ ಪಡೆಯೆಂಬುದೇ ಅದರ ಮೊದಲ ಚಿತ್ರವೆಂದು ಊಹಿಸಬಹುದು. (ಅಚ್ಚಗನ್ನಡದ ‘ಬೆನ್’ ಸಂಸ್ಕೃತದ ‘ಬಲ’ದೊಡನೆ ಸೇರಿರುವುದರಿಂದ ಕೇಶಿರಾಜನ ಶಿಷ್ಯರು ಅರಿಸಮಾಸವೆಂದು ಹುಬ್ಬು ಗಂಟಿಕ್ಕಬಹುದು, ರೂಢಿಯು ಆ ಆಕ್ಷೇಪಕ್ಕೆ ಸೊಪ್ಪು ಹಾಕಿಲ್ಲ.) ಬೆನ್ನು ತಟ್ಟುವವನೂ ಇನ್ನೊಬ್ಬನೇ, ಆದಕಾರಣವೇ ‘ತನ್ನ ಬೆನ್ನು ತಾನೇ ತಟ್ಟಿಕೊಂಡನು’ ಎಂಬುದು ಹಾಸ್ಯದ ಮಾತಾಯಿತು. ಈ ಬಳಗಕ್ಕೆಲ್ಲ ಕೀಲಿಕೈಯಂತಿರುವುದು ‘ತನ್ನ ಬೆನ್ನು ತನಗೆ ಕಾಣದು’ ಎಂಬ ಗಾದೆ. ಕನ್ನಡ ನುಡಿಯಲ್ಲಿ ಬೆನ್ನು ಒಬ್ಬನ ದೇಹದ ಭಾಗವಾಗಿದ್ದರೂ ಇತರರು ವ್ಯವಹರಿಸುವ ಎಡೆ. ಹಗೆ ಬರುವುದೂ ಅಲ್ಲಿಗೆ, ನೆರವು ಬರುವುದೂ ಅಲ್ಲಿಗೆ, ಹೊಗಳಿಕೆಯ ಕೈ ಬೀಳುವುದೂ ಅಲ್ಲಿಯೇ. ‘ಬೆನ್ನಿಗೆ ಚೂರಿ ಹಾಕು’ ಎಂಬುದು ಇಂಗ್ಲಿಷಿನ ಛಾಯೆಯೆಂದು ಸಂದೇಹಿಸಲು ಅವಕಾಶವಿದ್ದರೂ ಅದು ಕನ್ನಡದಲ್ಲಿ ಪರಕೀಯವಾಗಿ ಕೇಳಿಸದಿರುವುದು ಈ ಹಿನ್ನೆಲೆಯ ಬಲದಿಂದಲೇ. ತೆಲುಗಿನ ‘ವೆನ್ನುಪೋಟು’, ‘ವೆನ್ನುದನ್ನು’ ಎಂಬ ಜೋಡಿಯಲ್ಲಿ ಇರಿತವೂ ಆಸರೆಯೂ ಒಂದೇ ಬೆನ್ನಿಗೆ ಬಂದಿವೆ.

‘ಬೆನ್ನು ಬಿಡದ ಬೇತಾಳ’ ಎಂಬ ನುಡಿಗಟ್ಟನ್ನು ಇಲ್ಲಿ ಸ್ಮರಿಸಬಹುದು. ಬೇತಾಳಪಂಚವಿಂಶತಿಯ ಕಥೆಯಲ್ಲಿ ಅರಸನು ಹೆಣವನ್ನು ಹೊರುವುದು ಹೆಗಲ ಮೇಲೆ. ಕನ್ನಡಿಗರು ಬೇತಾಳನನ್ನು ಹೆಗಲಿನಿಂದ ಇಳಿಸಿ ಬೆನ್ನಿಗೆ ಹಚ್ಚಿದರು. ಹೆಗಲು ತಾನಾಗಿ ಹೊತ್ತ ಭಾರಕ್ಕೆ, ಬೆನ್ನು ತಾನಾಗಿ ಬಂದು ಹತ್ತಿದ ಭಾರಕ್ಕೆ ಎಂಬ ಸೂಕ್ಷ್ಮವಾದ ವಿವೇಚನೆ ಈ ಬದಲಾವಣೆಯಲ್ಲಿ ಇದ್ದಂತೆ ತೋರುತ್ತದೆ. ಹೊಟ್ಟೆಗೂ ಬೆನ್ನಿಗೂ ಇಂತಹುದೇ ಒಂದು ಲೆಕ್ಕಾಚಾರವುಂಟು. ‘ಬೆನ್ನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬೇಡ’ ಎಂಬಲ್ಲಿ ಬೆನ್ನು ತಾಳಿಕೊಳ್ಳುವ ಅಂಗ. ‘ಹೊಟ್ಟೆ ಬೆನ್ನಿಗೆ ಹತ್ತಿತು’ ಎಂಬಲ್ಲಿ ಹಸಿವಿನ ಕೊನೆಯ ಎಲ್ಲೆ.

ಶಬ್ದವು ಸವೆದಂತೆ ಚಿತ್ರವು ಮಾಸುವುದೂ ಉಂಟು. ಇಂದು ಅಧಿಕಾರಸ್ಥರ ‘ಬೆಂಗಾವಲು ವಾಹನ’ಗಳು ಮುಂದೆಯೂ ಓಡುತ್ತವೆ, ಬೆನ್ನು ಅಲ್ಲಿ ಹೆಸರಿಗಷ್ಟೇ ಉಳಿದಿದೆ. ಆಲಂಕಾರಿಕರ ಪರಿಭಾಷೆಯಲ್ಲಿ ಇದು ರೂಢಿಲಕ್ಷಣೆ. ದರ್ಭೆಯನ್ನು ಕೊಯ್ಯುವವನು ಎಂಬ ಅರ್ಥದ ‘ಕುಶಲ’ ಶಬ್ದವು ನಿಪುಣನೆಂಬ ಅರ್ಥದಲ್ಲಿ ನಿಂತಿರುವುದನ್ನು ಮಮ್ಮಟನು ಇದಕ್ಕೆ ಉದಾಹರಿಸುತ್ತಾನೆ. ಅಲ್ಲಿ ದರ್ಭೆಯಂತೆ ಇಲ್ಲಿ ಬೆನ್ನು.

ಯುದ್ಧದ ಪ್ರಸಂಗಗಳಲ್ಲಿ ಮಾತ್ರ ಬೆನ್ನಿನ ಚಿತ್ರವು ಮಾಸದೆ ಉಳಿದಿದೆ. ಬೆಂಗೊಡುವುದೆಂದರೆ ಓಡಿಹೋಗುವುದು; ತಮಿಳಿನ ‘ಪುಱಂಗೊಡು’ವಿನ ಅರ್ಥವೂ ಅದೇ. ತಮಿಳರ ವೀರಧರ್ಮವು ಇದನ್ನು ಎಲ್ಲಿಯ ವರೆಗೆ ಒಯ್ದಿತೆಂಬುದಕ್ಕೆ ಪುಱನಾನೂಱಿನ ಸಾಕ್ಷ್ಯವಿದೆ. ವೆಣ್ಣಿಯ ಕಾಳಗದಲ್ಲಿ ಚೋಳ ಕರಿಕಾಲನ ಕಡೆಯ ಆಯುಧವು ಚೇರ ಅರಸನಾದ ಪೆರುಂಜೇರಲಾದನ ಎದೆಯನ್ನು ತೂರಿ ಬೆನ್ನಿನಲ್ಲಿ ಹೊರಟಿತು. ಆತನು ಬೆನ್ನು ತೋರಿಸಿದವನಲ್ಲ. ಗಾಯವು ಎದೆಯಿಂದಲೇ ಒಳಹೊಕ್ಕುದು. ಹಾಗಿದ್ದರೂ ಬೆನ್ನಿನಲ್ಲಿ ಗಾಯ ಕಾಣಿಸಿತೆಂಬ ನಾಚಿಕೆಯಿಂದ ಆತನು ಬಡಗಣ ದಿಕ್ಕಿಗೆ ಮುಖಮಾಡಿ ಕುಳಿತು ಉಪವಾಸದಿಂದ ಪ್ರಾಣಬಿಟ್ಟನು. ಇಲ್ಲಿಯೂ ಬೆನ್ನು ಇತರರ ಕಣ್ಣಿಗೆ ಬೀಳುವ ಎಡೆಯೇ. ಮಾನಾವಮಾನಗಳು ಅಲ್ಲಿ ಬರೆಯಲ್ಪಡುತ್ತವೆ, ಓದುವವರು ಬೇರೆ.

ಹಾಗಾದರೆ ಧೈರ್ಯಕ್ಕೆ, ಸ್ಥೈರ್ಯಕ್ಕೆ ಕನ್ನಡವು ದೇಹದಲ್ಲಿ ಎಲ್ಲಿ ಎಡೆಗೊಟ್ಟಿತು? ಇದಕ್ಕೆ ಉತ್ತರವು ನಿಸ್ಸಂದಿಗ್ಧವಾಗಿದೆ: ಎದೆಯಲ್ಲಿ. ಎದೆಗಾರ, ಎದೆಗಾರಿಕೆ, ಕೆಚ್ಚೆದೆ, ಗಂಡೆದೆ, ಎದೆಗೆಡು, ಎದೆಗುಂದು, ಗುಂಡಿಗೆ ಗಟ್ಟಿ, ಇವೆಲ್ಲವೂ ಮುಂಭಾಗದ ಮಾತುಗಳೇ. ಇವುಗಳಲ್ಲಿ ‘ಕೆಚ್ಚು’ ವಿಶೇಷವಾದುದು. ಮರದ ತಿರುಳಿನಲ್ಲಿರುವ, ಹುಳು ಹೊಗಲಾರದ ಗಟ್ಟಿಭಾಗವೇ ಕೆಚ್ಚು. ಎಳೆಯ ಮರಕ್ಕೆ ಅದಿಲ್ಲ, ವರ್ಷವರ್ಷವೂ ಬೆಳೆದು ಕೂಡಬೇಕು. ಇಂಗ್ಲಿಷರು ‘ಬ್ಯಾಕ್‌ಬೋನ್’ ಎಂದು ಹೇಳಿ ಸೂಚಿಸುವ ಅಂತಸ್ಸತ್ತ್ವಕ್ಕೆ ಕನ್ನಡದಲ್ಲಿ ಇದಕ್ಕಿಂತ ಸಮವಾದ ಶಬ್ದವು ಬೇಕಾಗಿಲ್ಲ. ಸತ್ತ್ವಹೀನನಿಗೆ ‘ನರಸತ್ತವನು’ ಎಂಬ ಮಾತು ಸಿದ್ಧವಾಗಿಯೇ ಇದೆ. ಇನ್ನು ಎಲುಬಿಲ್ಲದಿರುವುದು ಒಂದು ದೋಷವೆಂಬ ಕಲ್ಪನೆಯೂ ಕನ್ನಡಕ್ಕೆ ಅಪರಿಚಿತವಲ್ಲ. ಆದರೆ ಆ ದೋಷವನ್ನು ಹೊತ್ತುದು ನಾಲಗೆ. ‘ಎಲುಬಿಲ್ಲದ ನಾಲಗೆ’ ಹೇಗೆ ಬೇಕಾದರೂ ಹೊರಳುತ್ತದೆ ಎಂದು ಗಾದೆ ಎಚ್ಚರಿಸುತ್ತದೆ. ಮಾತು ತಪ್ಪುವವನ ತಪ್ಪಿಗೆ ಬೆನ್ನನ್ನು ದೂರದೆ ನಾಲಗೆಯನ್ನೇ ದೂರುವುದು ನ್ಯಾಯವಾಗಿಯೂ ಕಾಣುತ್ತದೆ.

ಪುರಾಣಕಥೆಗಳನ್ನು ಪರಿಶೀಲಿಸಿದರೂ ಇದೇ ಅಭಿಪ್ರಾಯವು ದೃಢವಾಗುತ್ತದೆ. ನೆಟ್ಟಗಿನ ಬೆನ್ನು ದೃಢಸಂಕಲ್ಪದ ಕುರುಹೆಂದು ನಮ್ಮ ಕವಿಗಳು ಭಾವಿಸಿದ್ದರೆ, ರಾಮಾಯಣದ ಅಯೋಧ್ಯಾಕಾಂಡದಲ್ಲಿ ಎಲ್ಲರಿಗಿಂತ ಗಟ್ಟಿಯಾದ ಛಲವನ್ನು ಗೂನುಬೆನ್ನಿನ ಮಂಥರೆಗೆ ಕೊಡುತ್ತಿರಲಿಲ್ಲ. ಮಹಾಭಾರತದ ವನಪರ್ವದ ಅಷ್ಟಾವಕ್ರನ ಮೈ ಎಂಟು ಕಡೆ ಬಾಗಿದುದು. ಜನಕನ ಸಭೆಯಲ್ಲಿ ವಾದಿಗಳನ್ನೆಲ್ಲ ಸೋಲಿಸಿದ ಬಂದಿಯ ಎದುರು ನಿಂತು ಗೆದ್ದವನು ಆ ಬಾಲಕನೇ. ಆತನ ಅಂಗಗಳು ನೆಟ್ಟಗಾದುದು ಗೆದ್ದ ಮೇಲೆ, ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮಿಂದಾಗ. ಇತ್ತ ವಿರಾಟಪರ್ವದ ಉತ್ತರಕುಮಾರನಿಗೆ ಮೈಯಲ್ಲಿ ಯಾವ ಊನವೂ ಇಲ್ಲ. ಕುರುಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಆತನ ನಾಲಗೆಯನ್ನೂ ಎದೆಯನ್ನೂ ಕುರಿತುದು. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಕಾಯ ಶಿರಸ್ಸು ಗ್ರೀವಗಳನ್ನು ಸಮವಾಗಿಡಬೇಕೆಂಬ ವಿಧಿಯೇನೋ ಉಂಟು. ಅದು ಚಿತ್ತದ ಏಕಾಗ್ರತೆಗೆ ಸಾಧನವಾಗಿಯೇ ಹೊರತು ಪರರನ್ನು ಎದುರಿಸಿ ನಿಲ್ಲುವ ಛಲದ ಸಂಕೇತವಾಗಿ ಅಲ್ಲ. ದಧೀಚಿಯ ಕಥೆಯೊಂದು ಅಪವಾದದಂತೆ ತೋರಬಹುದು. ವಜ್ರಾಯುಧಕ್ಕಾಗಿ ಆತನು ಕೊಟ್ಟುದು ಬೆನ್ನೆಲುಬನ್ನೇ ಎಂದು ಜನ ಹೇಳುವುದುಂಟು, ಮಹಾಭಾರತದಲ್ಲಿರುವುದು ಎಲುಬುಗಳೆಂದಷ್ಟೇ. ಅಲ್ಲಿಯೂ ಮಹಿಮೆಯು ತ್ಯಾಗಕ್ಕೆ ಸಂದುದು.

ಈಗ ಮೊದಲಿನ ಮಾತಿಗೆ ಬರಬಹುದು. ‘ರೈತನು ದೇಶದ ಬೆನ್ನೆಲುಬು’ ಎಂಬಲ್ಲಿ ಆಧಾರವು ಹಿಂದಿನಿಂದ ಬಂದು ನಿಂತ ಇನ್ನೊಬ್ಬನದಲ್ಲ; ದೇಹದ ಒಳಗಿದ್ದು ದೇಹವನ್ನು ಎತ್ತಿ ನಿಲ್ಲಿಸಿರುವು­ದು. ಬೆಂಬಲವು ಹೊರಗಿನದು, ಬೆನ್ನೆಲುಬು ಒಳಗಿನದು. ಇದು ‘ಬೆನ್’ ಬಳಗದಲ್ಲಿ ಹಿಂದೆ ಇಲ್ಲದಿದ್ದ ಭಾವ. ಇದೇ ಮಾತು ತಮಿಳಿನಲ್ಲಿ ‘ಮುದುಗೆಲುಂಬು’ ಎಂದೂ, ತೆಲುಗಿನಲ್ಲಿ ‘ವೆನ್ನೆಮುಕ’ ಎಂದೂ, ಹಿಂದಿಯಲ್ಲಿ ‘ರೀಢ್’ ಎಂದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡುಬರುವುದರಿಂದ, ಇವುಗಳಿಗೆಲ್ಲ ಇಂಗ್ಲಿಷಿನ ‘ಬ್ಯಾಕ್‌ಬೋನ್’ ಪ್ರಯೋಗವೇ ಮೂಲವೆಂದು ಎಣಿಸುವುದು ಯುಕ್ತ. ಒಳಗಣ ಆಧಾರಕ್ಕೆ ಕನ್ನಡದ ಹಿಂದಿನ ಕಲ್ಪನೆ ಬೇರೆ ವಸ್ತುಗಳನ್ನು ಹುಡುಕಿತ್ತು. ಬಸವಣ್ಣನವರು ದೇಹವನ್ನೇ ದೇಗುಲವಾಗಿ ಕಂಡ ಪ್ರಸಿದ್ಧ ವಚನದಲ್ಲಿ ಕಂಬಗಳಾದುವು ಕಾಲುಗಳು, ಕಲಶವಾದುದು ಶಿರಸ್ಸು, ಬೆನ್ನೆಲುಬಿನ ಪ್ರಸ್ತಾಪವಿಲ್ಲ. ಬೇಸಾಯದ ವಿಷಯದಲ್ಲಿಯಾದರೋ ‘ಮೇಟಿ’ ಎಂಬ ಸೊಗಸಾದ ಶಬ್ದವಿದೆ. ಕಣದ ನಡುವೆ ನೆಟ್ಟು ಎತ್ತುಗಳನ್ನು ಕಟ್ಟಿ ಸುತ್ತಿಸುವ ಕಂಬವೇ ಮೇಟಿ. ಸಂಸ್ಕೃತದಲ್ಲಿ ಅದು ‘ಮೇಧಿ’. ಅದರ ಸುತ್ತ ಎಲ್ಲವೂ ತಿರುಗುವುದರಿಂದ ಮುಖ್ಯಸ್ಥನೆಂಬ ಅರ್ಥವೂ ಅದಕ್ಕೆ ಬಂದಿತು. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲೆಂದು ಜನರು ಹೇಳುವಾಗ, ಇಂದಿನ ಭಾಷಣಕಾರರು ಬೆನ್ನೆಲುಬನ್ನು ತಂದು ಹೇಳುವ ತಾತ್ಪರ್ಯವೇ ಕಣದ ಕಂಬದಲ್ಲಿ ನಿಂತು ಮಾತಾಡುತ್ತದೆ.

ಹೊರಗಿನಿಂದ ಬಂದ ಮಾತ್ರಕ್ಕೆ ಒಂದು ಪ್ರಯೋಗವನ್ನು ತ್ಯಜಿಸಬೇಕೆಂಬುದಿಲ್ಲ. ದೇಶದ ಬೆನ್ನೆಲುಬೆಂಬ ರೂಪಕದಲ್ಲಿ ಪ್ರಯೋಜನಲಕ್ಷಣೆಯ ಸಾಮಗ್ರಿಯೆಲ್ಲ ಇದೆ. ದೇಶಕ್ಕೆ ಎಲುಬಿಲ್ಲವಾದುದರಿಂದ ಮುಖ್ಯಾರ್ಥಕ್ಕೆ ಬಾಧೆ, ಆಧಾರವಾಗಿರುವಿಕೆಯಿಂದ ಸಂಬಂಧ, ಇನ್ನು ಪ್ರಯೋಜನ ಒಂದಲ್ಲ, ಎರಡು. ರೈತನಿಲ್ಲದೆ ದೇಶವು ನಿಲ್ಲಲಾರದೆಂಬುದು ಮೊದಲನೆಯದು. ಬೆನ್ನೆಲುಬಿನಂತೆ ಆತನೂ ಕಣ್ಣಿಗೆ ಬೀಳದೆ ಭಾರವನ್ನು ಹೊರುತ್ತಾನೆಂಬುದು ಎರಡನೆಯದು; ಇದು ಇಂಗ್ಲಿಷಿನಲ್ಲಿ ಅಷ್ಟಾಗಿ ಧ್ವನಿಸದೆ, ತನ್ನ ಬೆನ್ನು ತನಗೆ ಕಾಣದೆಂಬ ಗಾದೆಯನ್ನು ಬಲ್ಲ ಕನ್ನಡಿಗನಿಗೆ ತಾನಾಗಿ ಧ್ವನಿಸುತ್ತದೆ. ‘ಬೆನ್ನು ಮುರಿಯುವಂತೆ ದುಡಿ’ ಎಂಬ ನುಡಿಯೂ ಪಕ್ಕದಲ್ಲಿಯೇ ಇದೆ. ಆದುದರಿಂದಲೇ ಈ ಪ್ರಯೋಗವು ಬೇಗನೆ ಬೇರುಬಿಟ್ಟಿತು. ‘ಬೆನ್ನೆಲುಬಿಲ್ಲದ ಮನುಷ್ಯ’ ಎಂಬುದಕ್ಕೆ ಅಂತಹ ನೆಲ ದೊರೆತಿಲ್ಲ. ಅದನ್ನು ಕೇಳಿದ ಹಳ್ಳಿಗನು ಅಂಗವಿಕಲನಾದ ಒಬ್ಬನನ್ನು ನೆನೆದು ಮರುಗಿಯಾನೇ ಹೊರತು ಹೇಡಿಯೊಬ್ಬನನ್ನು ನೆನೆದು ಹಳಿಯಲಾರನು. ಅನುವಾದಕರು ಇಂತಹೆಡೆಗಳಲ್ಲಿ ಕೆಚ್ಚಿಲ್ಲದವನು, ಎದೆಗಾರಿಕೆಯಿಲ್ಲದವನು, ನರಸತ್ತವನು ಎಂಬುವುಗಳಲ್ಲಿ ಸಂದರ್ಭಕ್ಕೆ ಒಪ್ಪುವುದನ್ನು ಆರಿಸಿಕೊಂಡರೆ ಅರ್ಥವೂ ಉಳಿಯುತ್ತದೆ, ಊನವುಳ್ಳವರನ್ನು ಬೈಗುಳಕ್ಕೆ ಎಳೆದು ತರುವ ದೋಷವೂ ತಪ್ಪುತ್ತದೆ.

ತರಗತಿಯಲ್ಲಿ ಹಳೆಯ ಕಾವ್ಯಗಳನ್ನು ಪಾಠ ಹೇಳುವವರು ಇದಕ್ಕಿಂತ ಹೆಚ್ಚಿನ ಎಚ್ಚರ ವಹಿಸಬೇಕಾದ ಸ್ಥಳವೊಂದಿದೆ. ‘ಬೆನ್ನು’ ಎಂದರೆ ಆಧಾರವೆಂಬ ಭಾವನೆಯು ಬಲಿತ ಮೇಲೆ, ‘ಹೆಗಲು ಕೊಡು’ ಎಂಬುದರ ಜಾಡಿನಲ್ಲಿ ‘ಬೆಂಗೊಡು’ ಎಂಬುದನ್ನೂ ನೆರವಾಗು ಎಂದು ವಿದ್ಯಾರ್ಥಿಯು ಗ್ರಹಿಸುವ ಸಂಭವವುಂಟು. ಕಾಳಗದಲ್ಲಿ ಪಲಾಯನ ಮಾಡಿದ ಭಟನು ಆಗ ಒಡೆಯನಿಗೆ ಒತ್ತಾಸೆಯಾಗಿ ನಿಂತ ಶೂರನಾಗಿಬಿಡುತ್ತಾನೆ! ‘ಬೆಂಬತ್ತು’ ಎಂಬುದೂ ಹಾಗೆಯೇ. ಹಿಂಬಾಲಿಸುವವನು ಹಗೆಯೋ ಆಳೋ ಎಂಬುದು ಶಬ್ದದಿಂದ ತಿಳಿಯದು, ಪ್ರಕರಣದಿಂದಲೇ ತಿಳಿಯಬೇಕು. ಅರ್ಥಕೋಶದಲ್ಲಿ ‘ಬೆನ್: ಹಿಂಭಾಗ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕಿಂತ, ಬೆನ್ನು ಯಾರದು ಎಂಬುದನ್ನು ಆಯಾ ಸಮಾಸದ ಕೆಳಗೆ ಸೂಚಿಸಿದರೆ ಈ ತೊಡಕು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಕೊನೆಯದಾಗಿ, ವಿದ್ವಾಂಸರ ಕೈಯಲ್ಲಿ ದಿನವೂ ಇರುವ ಬೆನ್ನೊಂದುಂಟು. ಅದು ಪುಸ್ತಕದ ಬೆನ್ನು. ತಾಡವೋಲೆಯ ಕಟ್ಟಿಗೆ ಬೆನ್ನಿಲ್ಲ. ಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ ಮೇಲೂ ಕೆಳಗೂ ಹಲಗೆಯಿಟ್ಟು ಸುತ್ತುವರು. ಮಡಿಕೆಮಡಿಕೆಯಾಗಿ ತೆರೆದುಕೊಳ್ಳುವ ಕಡತಕ್ಕೂ ಬೆನ್ನಿಲ್ಲ. ಹಾಳೆಗಳನ್ನು ಒಂದು ಪಕ್ಕದಲ್ಲಿ ಹೊಲಿದು ರಟ್ಟು ಕಟ್ಟುವ ಪದ್ಧತಿ ಬಂದ ಮೇಲೆ ಆ ಪಕ್ಕಕ್ಕೆ ಹೆಸರು ಬೇಕಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಬೆನ್ನೆಲುಬಿನ ಹೆಸರೇ ಇದೆ. ಕನ್ನಡಿಗರು ‘ಪುಸ್ತಕದ ಬೆನ್ನೆಲುಬು’ ಎನ್ನಲಿಲ್ಲ, ‘ಪುಸ್ತಕದ ಬೆನ್ನು’ ಎಂದರು. ಕಪಾಟಿನಲ್ಲಿ ಸಾಲಾಗಿ ನಿಂತ ಪುಸ್ತಕಗಳು ಇತರರ ಕಡೆಗೆ ತೋರಿಸುವ ಭಾಗವೂ ಅದೇ; ಹೆಸರನ್ನು ಬರೆಯುವುದೂ ಅಲ್ಲಿಯೇ.